ನೀರು ಕೇಳದ ಬ್ಯಾಟರಿ

ಬೈಕಿನ ಸೀಟನ್ನು ಮತ್ತೆ ಕೂರಿಸಿ ಬೀಗ ಒತ್ತುವಾಗ ಸಂಕಪ್ಪನ ಕೈ ಎರಡು ಸಲ ತಪ್ಪಿತು. ಕಾಣಿಯೂರಿನಲ್ಲಿ ನಲವತ್ತು ವರ್ಷ ಬ್ಯಾಟರಿ ಚಾರ್ಜಿಂಗ್ ಅಂಗಡಿ ನಡೆಸಿದ ಕೈ ಅದು. ಆಸಿಡ್ ಬಿದ್ದು ಅಲ್ಲಲ್ಲಿ ಸುಟ್ಟಿತ್ತೇ ಹೊರತು ಯಾವತ್ತೂ ತಪ್ಪಿದ್ದಿಲ್ಲ. ಆದರೆ ಇವತ್ತು ಮೂಗಿಗೆ ಬಡಿದದ್ದು ಆಸಿಡ್ ವಾಸನೆಯಲ್ಲ. ಸಿಹಿ ವಾಸನೆ, ಸೊಸೆ ಉಗುರಿಗೆ ಹಚ್ಚುವ ಬಣ್ಣದಂಥದ್ದು. ಬ್ಯಾಟರಿಯೊಂದು ಸಿಹಿ ವಾಸನೆ ಬಿಡುವುದನ್ನು ಅವನು ಜನ್ಮದಲ್ಲಿ ಕಂಡಿರಲಿಲ್ಲ.

ಇದಕ್ಕೆಲ್ಲ ಮೂಲ ಹೋದ ತಿಂಗಳು ಬೈಕಿಗೆ ಬ್ಯಾಟರಿ ಕೊಳ್ಳಲು ಹೋದಾಗ ಪುತ್ತೂರಿನ ಅಂಗಡಿಯಲ್ಲಿ ಆದ ಜಗಳ. ಮೇಜಿನ ಮೇಲೆ ಎರಡು ಬ್ಯಾಟರಿ ಇಟ್ಟಿದ್ದರು, ಒಂದು ಹಳೇ ಕಾಲದ ಸೀಸದ್ದು, ಇನ್ನೊಂದು ಲಿಥಿಯಂ. ಮಗ ಲತೀಶನ ಕಣ್ಣು ಆಗಲೇ ಲಿಥಿಯಂ ಮೇಲಿತ್ತು. ಸಂಕಪ್ಪ ಅದನ್ನು ಅಂಗೈಯಲ್ಲಿ ತೂಗಿ ನೋಡಿದ.

"ಇದರ ಒಳಗೆ ಎಂತ ಉಂಟು ಮಾರಾಯ, ಗಾಳಿಯಾ? ಸೀಸದ್ದೇ ತಗೊ. ಅದು ಸಾಯುವ ಮೊದಲು ನಾಲ್ಕು ದಿನ ನರಳಿ ಹೇಳ್ತದೆ."

"ಇದು ಹಗುರ, ಬಾಳಿಕೆ ಜಾಸ್ತಿ, ಒತ್ತಿದ ಕೂಡ್ಲೆ ಸ್ಟಾರ್ಟ್. ನೀರು ಸಹ ಕೇಳುದಿಲ್ಲ," ಎಂದ ಲತೀಶ. "ನೀವು ಮಾತ್ರ ಮುಟ್ಲಿಕ್ಕೆ ಹೋಗ್ಬೇಡಿ ಅಪ್ಪ." ಅಂಗಡಿಯವನು ನಕ್ಕುಬಿಟ್ಟ.

ಆ ನಗು ಸಂಕಪ್ಪನ ಗಂಟಲಲ್ಲಿ ಮೀನಿನ ಮುಳ್ಳಿನಂತೆ ಸಿಕ್ಕಿಕೊಂಡಿತು. ನೀರು ಕೇಳದ ಬ್ಯಾಟರಿ ಎಲ್ಲಾದರೂ ಉಂಟೇ? ಮನೆಗೆ ಬಂದವರಿಗೂ ಬ್ಯಾಟರಿಗೂ ಮೊದಲು ನೀರು ಎಂದು ಊರಿಗೆಲ್ಲ ಹೇಳಿಕೊಂಡು ಬಂದವನು ಅವನು. ನೀರು ಬೇಡ ಎಂದು ಬರೆಸಿಕೊಂಡು ಬಂದ ಸೀಸದ ಬ್ಯಾಟರಿಗಳ ಮುಚ್ಚಳವನ್ನೂ ಎಬ್ಬಿಸಿ, ಸಿರಿಂಜಿನಲ್ಲಿ ನೀರು ಕುಡಿಸಿ ಬದುಕಿಸಿದವನು. ಇವತ್ತು ಬೆಳಿಗ್ಗೆ ಮನೆಯವರು ತಿಂಡಿಗೆ ಕುಳಿತಿದ್ದಾಗ, ಮಗ ಹಟ ಹಿಡಿದು ಹಾಕಿಸಿದ ಲಿಥಿಯಂ ಬ್ಯಾಟರಿಗೂ ಅದೇ ಉಪಚಾರ ಮಾಡಲು ಹೋದ. ಮುಚ್ಚಳದ ಸಂದಿಗೆ ಸ್ಕ್ರೂಡ್ರೈವರ್ ತೂರಿಸಿ ಮೀಟಿದ. ಅದು ಜಾರಿ ಒಳಗೆ ಮೆತ್ತಗಿನ ಏನಕ್ಕೋ ಚುಚ್ಚಿಕೊಂಡಿತು. ಸುಂಯ್ ಎಂದು ಒಂದು ಸಣ್ಣ ಸದ್ದು, ಆಮೇಲೆ ಆ ವಾಸನೆ. ಗಡಿಬಿಡಿಯಲ್ಲಿ ಟೇಪು ಸುತ್ತಿ ಸೀಟು ಮುಚ್ಚಿದ.

ಇಂಥ ಬ್ಯಾಟರಿಗಳು ಧಗಧಗ ಉರಿಯುವ ವೀಡಿಯೊಗಳನ್ನು ಮೊಮ್ಮಗಳು ತೃಷಾ ಮೊಬೈಲಿನಲ್ಲಿ ತೋರಿಸಿದ್ದಳು. ಈಗ ಅವೆಲ್ಲ ಒಂದೊಂದಾಗಿ ಕಣ್ಣೆದುರು ಬಂದವು. ಹೇಳಬೇಕು, ಈಗಲೇ ಹೇಳಬೇಕು. ಆದರೆ ಹೇಳಿದರೆ ಲತೀಶ ಬೈಯುವವನಲ್ಲ, ಹಣೆ ಒತ್ತಿಕೊಂಡು ಸುಮ್ಮನಾಗುವವನು. ಬೈಗುಳವನ್ನಾದರೂ ತಡೆದುಕೊಳ್ಳಬಹುದು. ಬಿಸಿ ತುಪ್ಪ ಬಾಯಿಗೆ ಹಾಕಿಕೊಂಡವನ ಹಾಗೆ ಸಂಕಪ್ಪ ಅಂಗಳದಲ್ಲಿ ನಿಂತ, ಉಗುಳಲೂ ಆಗದು, ನುಂಗಲೂ ಆಗದು.

ಅಷ್ಟರಲ್ಲಿ ಲತೀಶ ಬಂದು ಬೈಕು ಸ್ಟಾರ್ಟ್ ಮಾಡಿದ. ಸುಳ್ಯದಲ್ಲಿ ಚಿತ್ರ ಬಿಡಿಸುವ ಸ್ಪರ್ಧೆಯಿತ್ತು. ತೃಷಾ ಬಣ್ಣದ ಡಬ್ಬಿ ಅಪ್ಪಿಕೊಂಡು ಹಿಂದಿನ ಸೀಟಿಗೆ ಹತ್ತಿದಳು.

"ಅಜ್ಜ, ಟಾಟಾ!"

ಸಂಕಪ್ಪನಿಗೆ ಜೀವ ಬಾಯಿಗೆ ಬಂತು, ಸತ್ಯ ಮಾತ್ರ ಬರಲಿಲ್ಲ. ಹಾವೂ ಸಾಯಬಾರದು, ಕೋಲೂ ಮುರಿಯಬಾರದು ಎನ್ನುವವರ ಬುದ್ಧಿ ಓಡುವುದೇ ಹಾಗೆ. ಎದೆ ಹಿಡಿದುಕೊಂಡು ಅಲ್ಲೇ ಕುಕ್ಕರಿಸಿದ. "ಅಯ್ಯೋ, ಎದೆ ನೋವು ಮಾರಾಯ..."

ಕೆಲಸವೇನೋ ಆಯಿತು. ತೃಷಾ ಕೆಳಗೆ ಹಾರಿದಳು, ಸೊಸೆ ಸುಪ್ರಿತಾ ಒಳಗಿನಿಂದ ಓಡಿ ಬಂದಳು. ಅವರ ಮುಖ ನೋಡಿದ ಮೇಲೆ ಸಂಕಪ್ಪನಿಗೆ ತಾನು ಆಡಿದ್ದು ಯಾರ ಮಾತೆಂದು ನೆನಪಾಯಿತು. ಅವನ ಹೆಂಡತಿ ಪಂಕಜಾಕ್ಷಿ ಇದೇ ಅಂಗಳದಲ್ಲಿ ಇದೇ ಮಾತು ಹೇಳಿ ಕುಳಿತಿದ್ದಳು. ಜೀಪು ಬರುವಷ್ಟರಲ್ಲಿ ಹೋಗಿಬಿಟ್ಟಿದ್ದಳು.

"ಜೀಪಿಗೆ ಕಾಯುದು ಬೇಡ," ಲತೀಶನ ದನಿ ಒಡೆದಿತ್ತು. "ಕಾದು ಕಾದು ಅಮ್ಮನನ್ನು ಕಳಕೊಂಡದ್ದು ಸಾಕು. ಬೈಕಲ್ಲೇ ಪುತ್ತೂರಿಗೆ ಹೋಗುದು."

"ಬೈಕ್ ಬೇಡ! ಈಗ ಕಡಿಮೆ ಉಂಟು..."

"ನೀವು ಮಾತಾಡ್ಬೇಡಿ ಮಾವ," ಎಂದು ಸುಪ್ರಿತಾ ಗಂಡನ ಜೊತೆ ಸೇರಿ ಅವನನ್ನು ಎತ್ತಿ ಕೂರಿಸಿದಳು. ದಾರಿಯಲ್ಲಿ ಬಿದ್ದರೆ ಎಂಬ ಹೆದರಿಕೆಗೆ ತನ್ನ ಶಾಲಿನಿಂದ ಮಾವನನ್ನು ಗಂಡನ ಬೆನ್ನಿಗೆ ಬಿಗಿದು ಗಂಟು ಹಾಕಿದಳು.

ರಸ್ತೆಗೆ ಬಂದ ಮೇಲೆ ಸಂಕಪ್ಪನಿಗೆ ನಿಜವಾಗಿಯೇ ಉಸಿರು ಕಟ್ಟಿತು. ಮಗು ಇಳಿಯಿತಲ್ಲ, ಅಷ್ಟು ಸಾಕು ಎಂದುಕೊಂಡ. ಮರುಕ್ಷಣ ಮಗನ ಬೆನ್ನಿನ ಬೆವರು ಕೆನ್ನೆಗೆ ತಾಗಿತು. ಇವನೂ ತನ್ನ ಮಗುವೇ. ಹೇಗಾದರೂ ಪುತ್ತೂರು ತಲುಪಿದರೆ, ಡಾಕ್ಟರು ಗ್ಯಾಸ್ಟ್ರಿಕ್ ಎಂದುಬಿಟ್ಟರೆ, ಬೈಕನ್ನು ಅಲ್ಲೇ ಎಲ್ಲಾದರೂ ಬಿಟ್ಟು ಬಂದರೆ... ಹೀಗೆ ಲೆಕ್ಕ ಹಾಕುತ್ತಿದ್ದಾಗ ಸಿಹಿ ವಾಸನೆ ಮತ್ತೆ ಬಂತು. ತೊಡೆಯ ಅಡಿ ಸೀಟು ಬೆಚ್ಚಗಾಯಿತು. ಆಮೇಲೆ ಸುಡತೊಡಗಿತು.

"ನಿಲ್ಲಿಸು ಲತೀಶ, ನಿಲ್ಲಿಸು!"

"ಸ್ವಲ್ಪ ತಡಕೊಳ್ಳಿ ಅಪ್ಪ, ಸವಣೂರು ಬಂತು." ಅಪ್ಪನಿಗೆ ನೋವು ಹೆಚ್ಚಾಯಿತೆಂದು ಮಗ ಇನ್ನೂ ಜೋರಾಗಿ ಓಡಿಸಿದ.

"ನೋವು ಇಲ್ಲ! ಸುಳ್ಳು ಹೇಳಿದ್ದು! ನಾನು ಬ್ಯಾಟರಿ ಮುಟ್ಟಿದ್ದೇನೆ, ಸ್ಕ್ರೂಡ್ರೈವರ್ ಚುಚ್ಚಿದೆ, ಅದು ಸುಡ್ತಾ ಉಂಟು!"

ಬೈಕು ಕಿರುಚಿ ನಿಂತಿತು. ಸೀಟಿನ ಎರಡೂ ಬದಿಯಿಂದ ಬಿಳಿ ಹೊಗೆ ನುಗ್ಗುತ್ತಿತ್ತು. ಲತೀಶ ಗಂಟಿಗೆ ಕೈ ಹಾಕಿದ, ಬಿಚ್ಚಲಿಲ್ಲ. ಸುಪ್ರಿತಾ ಪ್ರೀತಿಯಿಂದ ಹಾಕಿದ ಗಂಟು ಅದು. ಕೊನೆಗೆ ಬೈಕಿನ ಸಮೇತ ಇಬ್ಬರೂ ಬದಿಗೆ ಉರುಳಿದರು. ಒಂದೇ ನೊಗಕ್ಕೆ ಕಟ್ಟಿದ ಎತ್ತುಗಳಂತೆ ಒಬ್ಬರನ್ನೊಬ್ಬರು ಎಳೆದುಕೊಂಡು ಚರಂಡಿಯ ಆಚೆ ತೆವಳಿದರು. ಹಿಂದೆ ಭುಸ್ಸೆಂದು ಸದ್ದಾಗಿ ಸೀಟು ಹೊತ್ತಿಕೊಂಡಿತು.

ಲತೀಶ ಹಲ್ಲಿನಿಂದ ಕಚ್ಚಿ ಗಂಟು ಬಿಡಿಸಿದ. ತಿರುಗಿ ಅಪ್ಪನ ಎದೆಯ ಮೇಲೆ ಅಂಗೈ ಇಟ್ಟ.

"ನೋವು ನಿಜವಾಗಿ ಇಲ್ವಾ?"

"ಇಲ್ಲ."

ಮಗ ಹಣೆ ಒತ್ತಿಕೊಂಡು ಸುಮ್ಮನಾದ. ಸಂಕಪ್ಪ ಹೆದರಿದ್ದು ಇದಕ್ಕೇ, ಆದರೆ ಮಗ ಸುಮ್ಮನೇ ಇದ್ದುಬಿಟ್ಟಿದ್ದರೆ ಒಳ್ಳೆಯದಿತ್ತು.

"ಬೈಕ್ ಹೋಗ್ಲಿ," ಎಂದ ಲತೀಶ ಬೆಂಕಿಯನ್ನು ನೋಡುತ್ತಾ. "ನಾಳೆ ನಿಮಗೆ ನಿಜವಾಗಿ ಎದೆ ನೋವು ಬಂದ್ರೆ ನಾನು ಎಂತ ಮಾಡುದು ಅಪ್ಪ? ಓಡುದಾ, ಕೂತು ಯೋಚನೆ ಮಾಡುದಾ?"

ಶಾಲು ಬಿಚ್ಚಿದ್ದರೂ ಸಂಕಪ್ಪನ ಎದೆಯ ಎಡಕ್ಕೆ ಬಿಗಿತ ಹಾಗೆಯೇ ಇತ್ತು. ಹೆದರಿಕೆಯದ್ದೋ ಬೇರೆಯದ್ದೋ ಅವನಿಗೆ ತಿಳಿಯಲಿಲ್ಲ. ಅದನ್ನು ಮಗನಿಗೆ ಹೇಳಲು ಧೈರ್ಯವೂ ಬರಲಿಲ್ಲ.