ಫುವಾತಿನೋ ಕೂರುವ ಕಡೆಯ ಗಾಳಿ

ತಣ್ಣಗಿದೆಯೋ ಇಲ್ಲವೋ, ಅಂಗೈ ಒಡ್ಡಿದರೆ ಗಾಳಿ ಬರುತ್ತಿರುವುದೇನೋ ನಿಜ, ಆದರೆ ಗಾಳಿ ಬಂದ ಮಾತ್ರಕ್ಕೆ ತಣ್ಣಗಾಯಿತು ಅನ್ನುವ ಹಾಗಿಲ್ಲ — ಇಯಾಕೋಪೋ ಕೈ ತಿರುವಿ ಅದರ ಹಿಂಭಾಗವನ್ನು ಕಾರಿನ ಎಸಿ ಕಿಂಡಿಗೆ ಹಿಡಿದ, ಅದೂ ಸಾಲದೆ ಕೆನ್ನೆಯನ್ನೇ ಒಡ್ಡೋಣವೆಂದು ಎಡಕ್ಕೆ ಬಾಗಿದರೆ ಅತ್ತೆ ಸಲೋಮೆಯ ಮೊಣಕಾಲು ಅಡ್ಡ ಬಂತು, ಏನಪ್ಪಾ ನನ್ ಮಂಡಿಗೆ ಮುತ್ತು ಕೊಡೋಕ್ ಬಂದ್ಯಾ, ಇಲ್ಲ ಅತ್ತೆ ಗಾಳಿ ನೋಡ್ತಿದ್ದೆ, ಗಾಳಿನ ಯಾರಾದ್ರೂ ನೋಡ್ತಾರೇನೋ ಪೆದ್ದ — ನೋಡಬೇಕು, ಇವತ್ತು ನೋಡಲೇಬೇಕು, ಅತ್ತೆ ಕೂತಿರುವ ಈ ಸೀಟಿನಲ್ಲಿ ಇನ್ನು ಸ್ವಲ್ಪ ಹೊತ್ತಿಗೆ ವಿಮಾನದಿಂದಿಳಿದು ಬಂದು ಫುವಾತಿನೋ ಕೂರುತ್ತಾಳೆ, ಏಳು ತಿಂಗಳು ನ್ಯೂಜಿಲೆಂಡಿನ ಹಣ್ಣಿನ ಪ್ಯಾಕಿಂಗ್ ಶೆಡ್ಡಿನಲ್ಲಿ ದುಡಿದು ಮನೆಗೆ ಬರುತ್ತಿರುವ ಅವನ ಹೆಂಡತಿ, ಹೋದ ವಾರ ಫೋನಿನಲ್ಲಿ ನಗುತ್ತಾ ಅಂದವಳು, ಇಲ್ಲಿನ ಚಳಿ ಅಭ್ಯಾಸ ಆಗ್ಬಿಟ್ಟಿದೆ ಕಣೋ ಇಯಾಕೋ, ಅಲ್ಲಿ ಬಂದು ಆ ಸೆಕೆ ಹೆಂಗ್ ತಡ್ಕೋತೀನೋ, ಅವನೂ ನಕ್ಕಿದ್ದ, ನಕ್ಕು ಫೋನಿಟ್ಟ ಮೇಲೆ ಆ ಮಾತು ಹೊಟ್ಟೆಯೊಳಗೆ ಇಳಿದು ಅಲ್ಲೇ ಕೂತಿತು, ಸೆಕೆ ತಡೆಯಲಾರೆ ಅಂದರೆ ಊರು ತಡೆಯಲಾರೆ ಎಂದಲ್ಲವೇ, ಊರು ಅಂದರೆ ಸಮೋವಾದ ಬರೀ ಕಂಬಗಳ, ಗೋಡೆಯಿಲ್ಲದ ಮನೆ, ಮಕ್ಕಳು, ಅಮ್ಮ, ಮತ್ತೆ ತಾನು, ತಾನು ಸೆಕೆಯಲ್ಲದೆ ಇನ್ನೇನು, ಮಲಗಿದರೆ ಪಕ್ಕದಲ್ಲಿ ಒಲೆ ಇಟ್ಟ ಹಾಗಿರುತ್ತದೆ ಅಂತ ಮದುವೆಯಾದ ಹೊಸದರಲ್ಲೇ ಅವಳು ಚಾಪೆ ದೂರ ಎಳೆದುಕೊಂಡಿದ್ದಳು. ಅದೇ ಫೋನಿನಲ್ಲಿ ಇನ್ನೊಂದನ್ನೂ ಹೇಳಿದಳು, ಮುಂದಿನ ವರ್ಷಾನೂ ಬಾ ಅಂತಿದಾರೆ, ಏನ್ ಹೇಳ್ಲಿ, ಆಗ ಬಾಯಿಗೆ ಬಂದದ್ದು ಬೇಡ, ಬಾಯಿಂದ ಹೊರಬಿದ್ದದ್ದು ನಿನ್ನಿಷ್ಟ, ಎಂಥ ದರಿದ್ರ ಮಾತು ಅದು, ನಿನ್ನಿಷ್ಟ, ಅಂಗಡಿಯವನು ಬಿಸ್ಕತ್ತು ಯಾವುದು ಕೊಡಲಿ ಅಂದಾಗ ಹೇಳುವ ಮಾತು. ಆದರೆ ಬೇಡ ಅನ್ನುವುದಕ್ಕೆ ಅವನಿಗೆ ಬಾಯಿ ಎಲ್ಲಿದೆ, ತಲೆಯ ಮೇಲಿನ ತಗಡು ಅವಳು ಹೋಗಿದ್ದರಿಂದ ಬಂತು, ಮಕ್ಕಳ ಶಾಲೆ ಅವಳು ಹೋಗಿದ್ದರಿಂದ ನಡೆಯುತ್ತಿದೆ, ಕೂತಿರುವ ಈ ಕಾರೇ ಅವಳ ಮೊದಲ ವರ್ಷದ ದುಡಿಮೆ. ಬೇಡ ಎನ್ನಲಾರದವನು ಕಾರನ್ನಾದರೂ ತಣ್ಣಗಿಡಬಹುದು, ಅಷ್ಟು ಮಾಡಬಹುದು.

ಈ ಕಾರಿನ ಗುಂಡಿಗಳನ್ನು ಅರ್ಥ ಮಾಡಿಕೊಳ್ಳುವುದೇನು ಸುಲಭವೇ, ಹಡಗಿನಲ್ಲಿ ಜಪಾನಿನಿಂದ ಬಂದ ಹಳೆಯ ಕಾರು, ಕೀಲಿ ತಿರುಗಿಸಿದ ಕೂಡಲೇ ಒಳಗಿಂದ ಒಬ್ಬ ಹೆಂಗಸು ಸಣ್ಣ ದನಿಯಲ್ಲಿ ಏನೋ ಹೇಳುತ್ತಾಳೆ, ದಿನಾ ಅದೇ ಮಾತು, ಅಷ್ಟೇ ಮರ್ಯಾದೆಯಿಂದ, ಅತ್ತೆ ಅದನ್ನು ಪ್ರಾರ್ಥನೆ ಅಂತ ತಿಳಿದು ಮೊದಲ ದಿನದಿಂದಲೂ ಆಮೆನ್ ಹೇಳುತ್ತಾ ಬಂದಿದ್ದಾರೆ, ಊರಿನ ಶಾಲೆಗೆ ಪಾಠ ಮಾಡಲು ಜಪಾನಿನಿಂದ ಬಂದಿದ್ದ ಚಿಕ್ಕ ಟೀಚರಮ್ಮ ಒಮ್ಮೆ ಈ ಕಾರಿನಲ್ಲಿ ಕೂತು ಅದನ್ನು ಕೇಳಿ ಬಾಯಿಗೆ ಕೈ ಅಡ್ಡ ಹಿಡಿದು ನಕ್ಕಳು, ರಸ್ತೆ ಸುಂಕದ ಕಾರ್ಡು ಹಾಕಿಲ್ಲ ಅಂತ ಹೇಳ್ತಿದಾಳೆ ಅಷ್ಟೇ, ಇಲ್ಲಿ ಸುಂಕ ಕೇಳೋರು ಯಾರಿದಾರೆ, ಅತ್ತೆ ಮಾತ್ರ ನಂಬಲಿಲ್ಲ, ಆ ಹುಡುಗಿ ಚರ್ಚಿಗೆ ಹೋಗಲ್ಲ, ಅವಳಿಗೇನು ಗೊತ್ತು. ಆ ಟೀಚರಮ್ಮನೇ ಇನ್ನೊಂದು ಗುಟ್ಟನ್ನೂ ಬಿಡಿಸಿದ್ದು, ಸೀಟಿನ ಚಿತ್ರದ ಮೇಲೆ ಮೂರು ಹುಳು ಹರಿದಾಡುವ ಗುಂಡಿ, ಇಯಾಕೋಪೋ ಅದನ್ನು ತಂಪಿನ ಗುಂಡಿ ಅಂತ ತಿಳಿದು ಸೆಕೆ ಹೆಚ್ಚಾದಷ್ಟೂ ಒತ್ತುತ್ತಿದ್ದ, ಒತ್ತಿದಷ್ಟೂ ಬೆನ್ನು ಬೇಯುತ್ತಿತ್ತು, ಕಾರಿಗೆ ಏನೋ ಕಾಯಿಲೆ ಬಡಿದಿದೆ ಅಂತ ತಿಂಗಳುಗಟ್ಟಲೆ ಕೊರಗಿದ, ಅದು ಸೀಟು ಬಿಸಿ ಮಾಡೋದು ಅಂಕಲ್, ನಮ್ಮೂರಲ್ಲಿ ಹಿಮ ಬೀಳುತ್ತಲ್ಲ ಅದಕ್ಕೆ — ಹಿಮವೇ ಇಲ್ಲದ ಸಮೋವಾದಲ್ಲಿ ಹಿಂಭಾಗ ಹುರಿದುಕೊಂಡು ಓಡಾಡಿದ ಏಕೈಕ ಗಂಡಸು ತಾನು ಅಂತ ಅವನಿಗೆ ನಾಚಿಕೆಯಾಗಿ ಯಾರಿಗೂ ಹೇಳಲಿಲ್ಲ, ಅತ್ತೆ ಹೇಳಿದರು, ಊರಿಗೆಲ್ಲ ಹೇಳಿದರು, ಹೇಳಿದ್ದಲ್ಲದೆ ಆ ಗುಂಡಿಯನ್ನು ತಮ್ಮದಾಗಿಸಿಕೊಂಡರು, ಸೊಂಟನೋವಿಗೆ ಇದರಂಥ ಔಷಧಿ ಇಲ್ಲ, ಸಂಜೆಯಾದರೆ ದೀವಿಹಲಸಿನ ಮರದ ಕೆಳಗೆ ನಿಂತ ಕಾರಿನೊಳಗೆ ಹೋಗಿ ಗುಂಡಿ ಒತ್ತಿ ಕಣ್ಣು ಮುಚ್ಚಿ ಕೂರುತ್ತಾರೆ, ಎರಡು ಸಲ ಬ್ಯಾಟರಿ ಸತ್ತಿದೆ. ಈಗಲೂ ನೋಡು, ಅವನು ಇತ್ತ ತಂಪು ಮಾಡುತ್ತಿದ್ದರೆ ಅವರು ಅತ್ತ ಸೀಟು ಕಾಯಿಸಿಕೊಂಡು ಕೂತಿದ್ದಾರೆ, ಅತ್ತೆ ಆರಿಸಿ ಸ್ವಲ್ಪ, ಫುವಾತಿನೋ ಬಂದು ಅಲ್ಲಿ ಕೂರ್ಬೇಕು, ಬರ್ಲಿ ಬಿಡು, ನನ್ ಹೊಟ್ಟೇಲಿ ಇದ್ದವಳು ನನ್ ಸೀಟಲ್ಲಿ ಕೂರೋಕೆ ಆಗಲ್ವಾ.

ಇನ್ನು ಹಾಡು, ಹಾಡನ್ನೂ ಒಮ್ಮೆ ನೋಡಿಬಿಡಬೇಕು, ಪರದೆಯ ತುಂಬ ಜಪಾನಿನ ಅಕ್ಷರ, ಎಡಗಡೆಯ ಮೂರನೆಯದನ್ನು ಒತ್ತಿ, ಆಮೇಲೆ ಪುಟ್ಟ ಮನೆಯ ಹಾಗಿರುವ ಅಕ್ಷರ, ಆಮೇಲೆ ಮತ್ತೆ ಮೂರನೆಯದು, ದಾರಿ ತಪ್ಪಿದರೆ ಯಾವುದೋ ನಗರದ ಭೂಪಟ ಬರುತ್ತದೆ, ಅದರಲ್ಲಿ ಅವರ ಕಾರು ನಡುಸಮುದ್ರದಲ್ಲಿ ನಿಂತಿರುತ್ತದೆ. ರೇಡಿಯೋ ಇದ್ದೂ ಇಲ್ಲದ ಹಾಗೆ, ಅದರ ಮುಳ್ಳು ತೊಂಬತ್ತು ದಾಟುವುದಿಲ್ಲ, ಜಪಾನಿನವರ ರೇಡಿಯೋ ಅಷ್ಟಕ್ಕೇ ಮುಗಿಯುತ್ತದಂತೆ, ಫುವಾತಿನೋಗೆ ಇಷ್ಟವಾದ ಹಾಡಿನ ಸ್ಟೇಷನ್ನು ತೊಂಬತ್ತರ ಆಚೆ ಇದೆ, ಸಿಕ್ಕುವ ಒಂದೇ ಸ್ಟೇಷನ್ನಿನಲ್ಲಿ ಸತ್ತವರ ಹೆಸರು ಓದುತ್ತಾರೆ, ಹೋದ ಸಲ ಬಂದಾಗ ಅವಳು, ಇದೇನೋ ಇದು, ಹೆಣ ಎಣಿಸ್ಕೊಂಡು ಮಾರ್ಕೆಟ್ಟಿಗೆ ಹೋಗ್ಬೇಕಾ ಅಂದಿದ್ದಳು, ಅಂದು ತಾನೇ ಹಾಡು ಶುರುಮಾಡಿದ್ದಳು, ಕಿಟಕಿಯಿಂದ ಕೈ ಹೊರಗೆ ಹಾಕಿ ಬಾಗಿಲ ಮೇಲೆ ಬೆರಳಲ್ಲಿ ತಾಳ ಹಾಕುತ್ತಾ. ಹಾಗಾಗಿ ಅವನು ಮೂರು ಭಾನುವಾರ ಚರ್ಚಿನ ಹಿಂದಿನ ಬೆಂಚಿನಲ್ಲಿ ಫೋನು ಹಿಡಿದು ಕೂತ, ಹಾಡಿನವರ ತಂಡ ಹಾಡುವುದನ್ನೆಲ್ಲ ಹಿಡಿದ, ಪೆನ್ ಡ್ರೈವಿಗೆ ಹಾಕಿಸಿದ, ಪಾದ್ರಿಯ ಕೆಮ್ಮು, ಯಾರದೋ ಮಗುವಿನ ಅಳು ಎಲ್ಲ ಸೇರಿ, ಕೇಳಿದರೆ ಗೊತ್ತಾಗುತ್ತದೆ ಎರಡನೇ ದನಿಯವರ ಸಾಲಿನಲ್ಲಿ ಅವಳ ದನಿಯೊಂದು ಕಡಿಮೆ ಅಂತ, ಬೇರೆ ಯಾರಿಗೂ ಗೊತ್ತಾಗದಿರಬಹುದು, ಅವನಿಗೆ ಗೊತ್ತಾಗುತ್ತದೆ, ಆ ಜಾಗ ಬಂದಾಗಲೆಲ್ಲ ಅವನು ಕಣ್ಣೊರೆಸಿಕೊಂಡು ಹಾಡನ್ನು ಹಿಂದಕ್ಕೆ ಹಾಕುತ್ತಾನೆ, ಎಷ್ಟು ಇಷ್ಟ ಅವಳೆಂದರೆ, ಹೇಳಿಕೊಂಡರೆ ನಗುತ್ತಾರೆ ಜನ, ಇಪ್ಪತ್ತು ವರ್ಷದ ಮೇಲೂ ಹೆಂಡತಿಯ ದನಿಗೆ ಅಳುವ ಗಂಡಸು. ಅವಳು ಕೂತ ಕೂಡಲೇ ಇದನ್ನು ಜೋರಾಗಿ ಹಾಕಬೇಕು, ಅವಳು ತನ್ನ ಸಾಲು ಹಿಡಿದು ಹಾಡಬೇಕು, ಹಾಡಿದಳೋ, ಮುಂದಿನ ವರ್ಷದ ಮಾತು ತಾನಾಗಿ ಬಿದ್ದುಹೋಗುತ್ತದೆ.

ಬಂದ್ಳು ಬಂದ್ಳು ಅಂತ ಅತ್ತೆ ಕೂಗಿದ್ದೇ ಅವನ ತಲೆ ಕಾರಿನ ಚಾವಣಿಗೆ ಬಡಿಯಿತು, ಬಾಗಿಲು ತೆಗೆದಿಡಬಾರದು, ತಂಪು ಹೋಗುತ್ತದೆ, ಆದರೆ ಇಳಿಯದೆ ಹೇಗೆ, ಇಳಿದ, ಕೂಡಲೇ ಬಾಗಿಲು ಮುಚ್ಚಿದ, ಅತ್ತೆಯ ಕಡೆಯ ಬಾಗಿಲನ್ನು ಓಡಿಹೋಗಿ ತೆಗೆದ, ಬೇಗ ಇಳೀರಿ ಅತ್ತೆ ಗಾಳಿ ಹೋಗ್ತಿದೆ, ಅಲ್ಲಿ ಬಿಸಿಲಿನಲ್ಲಿ ಎರಡು ಚೀಲ ಎಳೆದುಕೊಂಡು ಒಬ್ಬ ಹೆಂಗಸು, ತೆಳ್ಳಗಾಗಿದ್ದಾಳೆ, ಯಾರದೋ ದಪ್ಪ ಕೋಟು ಹಾಕಿಕೊಂಡಿದ್ದಾಳೆ ಈ ಬಿಸಿಲಿನಲ್ಲಿ, ಕೈ ಎರಡೂ ಕೋಟಿನ ತೋಳಿನೊಳಗೆ, ಅವಳೇ, ಅವನು ಹೂವಿನ ಹಾರ ಹಾಕಿದ, ಅತ್ತೆ ತಬ್ಬಿ ಅತ್ತರು, ತಬ್ಬಿಕೊಂಡೇ ಬೈದರು, ಏನೇ ಇದು, ಊಟ ಹಾಕ್ತಿರ್ಲಿಲ್ವಾ ಅವ್ರು, ಫುವಾತಿನೋ ಅಮ್ಮನ ಭುಜದ ಮೇಲಿನಿಂದ ಅವನನ್ನೇ ನೋಡಿ ನಗುತ್ತಿದ್ದಳು. ಏನ್ ಹಿಂಗ್ ನೋಡ್ತಿದೀಯ, ಗುರ್ತು ಸಿಗ್ಲಿಲ್ವಾ. ಸಿಕ್ತು ಸಿಕ್ತು, ಹತ್ತು ಹತ್ತು, ಒಳಗಡೆ ತಣ್ಣಗಿದೆ. ಅವಳು ಹತ್ತಿದವಳೇ ಅರ್ಧಕ್ಕೆ ಎದ್ದು ಕಿರುಚಿದಳು, ಅಯ್ಯೋ ಇದ್ಯಾಕೆ ಸೀಟು ಸುಡ್ತಿದೆ, ಹಿಂದಿನ ಸೀಟಿನಿಂದ ಅತ್ತೆ ಹೆಮ್ಮೆಯಿಂದ ಅಂದರು, ನಿನಗೇಂತ ಕಾಯಿಸಿಟ್ಟಿದ್ದೆ. ಮೂವರೂ ನಕ್ಕರು, ಗಡಿಬಿಡಿಯಲ್ಲಿ ಅವನು ಕಾರು ಆರಿಸಿ ಮತ್ತೆ ಕೀಲಿ ತಿರುಗಿಸಿದ, ಕಾರಿನ ಹೆಂಗಸು ತನ್ನ ಕಾರ್ಡಿನ ಮಾತು ಹೇಳಿದಳು, ಅತ್ತೆ ಆಮೆನ್ ಅಂದರು.

ಅವನು ತಂಪಿನ ತಿರುವುಗುಂಡಿಯನ್ನು ನೀಲಿಯ ಕೊನೆಯವರೆಗೆ ತಿರುವಿದ, ಗಾಳಿಯನ್ನು ಜೋರು ಮಾಡಿದ, ಅವಳ ಕಡೆಯ ಕಿಂಡಿಯನ್ನು ನೇರ ಅವಳಿಗೇ ತಿರುಗಿಸಿದ, ಮೂರನೆಯದು, ಪುಟ್ಟ ಮನೆ, ಮತ್ತೆ ಮೂರನೆಯದು, ತಪ್ಪಲಿಲ್ಲ, ಚರ್ಚಿನ ಹಾಡು ಕಾರು ನಡುಗುವಷ್ಟು ಜೋರಾಗಿ ಬಂತು, ವಿಮಾನ ನಿಲ್ದಾಣದ ಗೇಟು ದಾಟಿ ಸಮುದ್ರದ ಪಕ್ಕದ ರಸ್ತೆಗೆ ಬಿದ್ದರು, ಅವನು ರಸ್ತೆ ನೋಡುತ್ತಾ ಅವಳ ಸಾಲಿಗಾಗಿ ಕಾಯುತ್ತಿದ್ದ, ಈಗ, ಇನ್ನೇನು ಈಗ, ಆ ಜಾಗ ಬಂತು, ಹೋಯಿತು, ಅವಳು ಹಾಡಲಿಲ್ಲ, ಸುಸ್ತಿರಬೇಕು, ಎರಡನೇ ಹಾಡಿಗೆ ಹಾಡುತ್ತಾಳೆ, ಎರಡನೆಯದೂ ಹೋಯಿತು, ಅವಳು ಕೈ ಚಾಚಿ ದನಿಯ ಗುಂಡಿ ಹುಡುಕಿದಳು, ಸ್ವಲ್ಪ ಕಡ್ಮೆ ಮಾಡೋ ಇಯಾಕೋ, ಶೆಡ್ಡಲ್ಲಿ ಬೆಳಗಿಂದ ಸಂಜೆವರ್ಗೂ ಯಂತ್ರ, ಕಿವಿಯೊಳಗೆ ಇನ್ನೂ ಓಡ್ತಿದೆ ಅದು, ಆಗ ಅವನು ಅವಳ ಕೈ ನೋಡಿದ. ಕೋಟಿನ ತೋಳಿನಿಂದ ಹೊರಗೆ ಬಂದಿದ್ದ ಬೆರಳುಗಳು, ತುದಿಯಲ್ಲಿ ಬೆಳ್ಳಗೆ, ರಕ್ತವೇ ಇಲ್ಲದ ಹಾಗೆ ಮೇಣದ ಬಿಳುಪು, ಅದರ ಕೆಳಗೆ ಒಂದು ಗೆರೆ ನೀಲಿ, ಅವನು ತಿರುಗಿಸಿಟ್ಟ ಗಾಳಿ ನೇರ ಆ ಬೆರಳುಗಳ ಮೇಲೇ ಬೀಳುತ್ತಿತ್ತು, ನೋಡನೋಡುತ್ತ ಬಿಳುಪು ಇನ್ನೊಂದು ಗೆಣ್ಣು ಕೆಳಗಿಳಿಯಿತು. ಇದೇನೇ ಇದು. ಏನಿಲ್ಲ, ಈ ಸಲ ಹಣ್ಣಿಡೋ ತಣ್ಣನೆ ಕೋಣೇಲಿ ಹಾಕಿದ್ರು, ಅಲ್ಲಿ ಕೂಲಿ ಜಾಸ್ತಿ, ಅಲ್ಲಿಂದ ಹಿಂಗೆ, ಸ್ವಲ್ಪ ಗಾಳಿ ತಾಗಿದ್ರೂ ಸತ್ತೋಗ್ತವೆ, ಆಮೇಲೆ ಸರಿಹೋಗ್ತವೆ ಬಿಡು. ಚಳಿ ಅಭ್ಯಾಸ ಆಗಿದೆ ಅಂದಿದ್ಯಲ್ಲ ನೀನು. ಮತ್ತೇನ್ ಹೇಳ್ಬೇಕಿತ್ತು, ನೀನು ಅಷ್ಟ್ ದೂರದಿಂದ ಏನ್ ಮಾಡ್ತಿದ್ದೆ. ಫೋನಿನಲ್ಲಿ ಮುಖ ಮಾತ್ರ ಕಾಣಿಸುತ್ತಿದ್ದಳಲ್ಲ, ಫೋನನ್ನು ಯಾವುದಕ್ಕೋ ಆನಿಸಿಟ್ಟು ಮುಖ ಮಾತ್ರ, ಅವನು ಆ ಮುಖ ನೋಡಿ ಖುಷಿಯಾಗಿದ್ದಾಳೆ ಅಂದುಕೊಂಡಿದ್ದ, ಏಳು ತಿಂಗಳು ಕೈಯನ್ನೇ ನೋಡಿರಲಿಲ್ಲ, ನೋಡಬೇಕೆಂದು ತೋಚಲೂ ಇಲ್ಲ.

ಹಿಂದಿನಿಂದ ಅತ್ತೆ, ಏನಾಯ್ತೇ, ಏನಿಲ್ಲ ಅಮ್ಮ, ಅವನು ಹಾಡು ನಿಲ್ಲಿಸಿದ, ಕೈ ತಿರುವುಗುಂಡಿಯ ಮೇಲಿತ್ತು, ನೀಲಿಯಿಂದ ಎತ್ತಿ ನಡುವಿಗೆ ತಂದ, ನಡುವನ್ನೂ ದಾಟಿಸಿದ, ಕೆಂಪು ಅನ್ನುವ ಕಡೆ ಒಂದು ದಿನವೂ ಯಾರೂ ಹೋಗಿರಲಿಲ್ಲ, ಹೋಗುವುದಕ್ಕೆ ಕಾರಣವೇ ಇರಲಿಲ್ಲ, ಗುಂಡಿ ಸ್ವಲ್ಪ ಬಿಗಿಯಾಗಿತ್ತು, ಕೊನೆಯವರೆಗೆ ತಿರುವಿದ, ಮೊದಲು ಧೂಳಿನ ವಾಸನೆ ಬಂತು, ಯಾರೋ ಕಾಣದವರ ಚಳಿಗಾಲದ ಹಳೆಯ ಧೂಳು, ಆಮೇಲೆ ಬಿಸಿ, ಮುಖಕ್ಕೆ ಹೊಡೆಯುವ ಬಿಸಿ, ಹೊರಗಡೆ ಬಿಸಿಲು ನೆತ್ತಿ ಸುಡುತ್ತಿದೆ, ರಸ್ತೆ ಪಕ್ಕದ ನಾಯಿಗಳೆಲ್ಲ ನೆರಳು ಹುಡುಕಿ ಮಲಗಿವೆ, ಕಿಟಕಿ ಮುಚ್ಚಿದ ಕಾರಿನಲ್ಲಿ ಹೀಟರು ಹಾಕಿಕೊಂಡು ಮೂರು ಜನ, ಅವನ ಹಣೆಯಿಂದ ಬೆವರು ಕಣ್ಣಿಗಿಳಿಯಿತು, ಅಂಗಿ ಬೆನ್ನಿಗೆ ಅಂಟಿತು, ಅತ್ತೆ ಹಿಂದೆ ಕೋಪದಿಂದ ಚಾಪೆಬೀಸಣಿಗೆ ಬೀಸಿಕೊಳ್ಳುತ್ತಾ, ಹುಚ್ಚು ಹಿಡಿದಿದ್ಯೇನೋ ನಿನಗೆ, ನಮ್ಮನ್ನ ಬೇಯಿಸ್ತೀಯಾ, ಅಂದವರು ಮುಂದಕ್ಕೆ ಬಾಗಿ ಮಗಳ ಕೈ ನೋಡಿದರು, ಬೀಸಣಿಗೆ ಮಡಿಲಿಗಿಟ್ಟರು. ಫುವಾತಿನೋ ಎರಡೂ ಕೈಯನ್ನು ಕಿಂಡಿಯ ಮುಂದೆ ಹಿಡಿದಿದ್ದಳು, ಹತ್ತು ಬೆರಳನ್ನೂ ಅಗಲಿಸಿ, ಅವನು ರಸ್ತೆ ನೋಡಿದ, ಬೆರಳು ನೋಡಿದ, ಎದುರಿಗೆ ಬಸ್ಸು ಬಂತು, ಪಕ್ಕಕ್ಕೆ ಸರಿದ, ಬೆರಳು ನೋಡಿದ, ಇನ್ನೂ ಬೆಳ್ಳಗಿವೆ. ಅವಳು ಬೆರಳುಗಳನ್ನೇ ನೋಡುತ್ತಾ ಮೆಲ್ಲಗೆ ಅಂದಳು, ಶೆಡ್ಡಿನ ಮೇಸ್ತ್ರಿಗೆ ನಾನಿನ್ನೂ ಹೂಂ ಅಂದಿಲ್ಲ, ಊಹೂಂ ಅಂತಾನೂ ಅಂದಿಲ್ಲ, ನೀನು ನಿನ್ನಿಷ್ಟ ಅಂದ್ಯಲ್ಲ. ತಗಡು, ಶಾಲೆ, ಈ ಕಾರು, ಈ ಗುಂಡಿ, ಎಲ್ಲವೂ ಒಟ್ಟಿಗೆ ಅವನ ಬಾಯಿಯ ಹತ್ತಿರ ಬಂದು ನಿಂತವು, ಅವನು ಅವೆಲ್ಲವನ್ನೂ ಪಕ್ಕಕ್ಕೆ ನೂಕಿದ, ಬೇಡ ಕಣೇ, ಹೋಗ್ಬೇಡ, ಅಂದ, ಕಾರು ಹೋಗ್ಲಿ, ತಗಡು ಸೋರ್ಲಿ, ನೀನು ಹೋಗ್ಬೇಡ, ದನಿ ಒಡೆದುಹೋಯಿತು, ಅತ್ತೆಯ ಎದುರಿಗೇ, ಆಗಲಿ. ಅವಳು ಅವನ ಕಡೆ ತಿರುಗಲಿಲ್ಲ, ಇಷ್ಟು ಹೇಳೋಕೆ ಏಳು ತಿಂಗಳು ಬೇಕಾಯ್ತಾ ನಿನಗೆ, ಅಂದಳು, ಗಾಳಿ ಬುಸುಗುಡುತ್ತಿತ್ತು, ಅವನು ಬೆವರು ಒರೆಸಿಕೊಳ್ಳಲಿಲ್ಲ, ಕಿಟಕಿ ಇಳಿಸಲಿಲ್ಲ, ರಸ್ತೆ ನೋಡಿದ, ಬೆರಳು ನೋಡಿದ, ಬಲಗೈಯ ಕಿರುಬೆರಳು, ಅದರ ತುದಿ, ಅಲ್ಲಿ ಕೆಂಪು ಬರುತ್ತಿದೆಯೋ, ಬಂತು, ಇಷ್ಟೇ ಇಷ್ಟು, ಕಿರುಬೆರಳಿನ ತುದಿಯಲ್ಲಿ, ಉಳಿದ ಒಂಬತ್ತು ಇನ್ನೂ ಬೆಳ್ಳಗೆ, ಒಂಬತ್ತು ಬೆರಳು, ಬೆಳ್ಳಗೆ, ಬಿಸಿ ಗಾಳಿಗೆ ಒಡ್ಡಿದ ಒಂಬತ್ತು ಬೆರಳು