ಹಸಿರು ಪಟ್ಟಿ ಕಟ್ಟಿದ ಕೈ

ನನ್ನ ತಮ್ಮನ ಷೆಡ್ಡುಗಳಲ್ಲಿ ನಲವತ್ತು ಸಾವಿರ ಕೋಳಿಗಳಿವೆ, ಪಂಜರಕ್ಕೆ ಐದರಂತೆ. ಒಂದು ರೆಕ್ಕೆ ಬಿಚ್ಚಬೇಕೆಂದರೆ ಮಿಕ್ಕ ನಾಲ್ಕರ ಅಪ್ಪಣೆ ಕೇಳಬೇಕು. ಮೊಟ್ಟೆಯ ಪೆಟ್ಟಿಗೆಯ ಮೇಲೆ ಮಾತ್ರ ಹುಲ್ಲುಗಾವಲಿನಲ್ಲಿ ನಗುವ ಕೋಳಿಯ ಚಿತ್ರ.

ಸೋಮವಾರ ಅವನು ಫೋನು ಹಿಡಿದು ನನ್ನ ಅಡುಗೆಮನೆಗೇ ಬಂದ. ಷೆಡ್ಡಿನೊಳಗಿನ ವಿಡಿಯೋ ಊರೆಲ್ಲ ಹರಿದಾಡುತ್ತಿತ್ತು. ಪ್ರಾಣಿದಯಾ ಸಂಘದವರು ಪತ್ರಿಕೆಗಳಿಗೂ ಕೊಟ್ಟಿದ್ದರು.

"ಅಕ್ಕಾ, ನೀನು ಓದಿದವಳು. ಒಂದು ಉತ್ತರ ಬರೆದುಕೊಡು. ಕೋಳಿಗಳು ನಮ್ಮ ಮಕ್ಕಳಿದ್ದ ಹಾಗೆ ಅಂತ ಶುರು ಮಾಡು."

"ಮಕ್ಕಳನ್ನ ನೀನು ಪಂಜರದಲ್ಲಿ ಇಟ್ಟಿರಲಿಲ್ಲವಲ್ಲೋ."

"ಇಡಬೇಕಾಗಿತ್ತು," ಅಂದ.

ವಿಡಿಯೋ ನೋಡಿದೆ. ಪುಕ್ಕ ಉದುರಿದ ಕತ್ತುಗಳು, ಅಲುಗಾಡಲೂ ಜಾಗವಿಲ್ಲದ ಸಾಲುಗಳು. ಕೊನೆಯಲ್ಲಿ ಒಂದು ಕೈ. ತಂತಿಯಲ್ಲಿ ಸಿಕ್ಕಿಕೊಂಡ ಕೋಳಿಯ ಕಾಲನ್ನು ಅದು ಮೆಲ್ಲಗೆ ಬಿಡಿಸಿ, ಒಂದು ಗಳಿಗೆ ಅಂಗೈಯಲ್ಲಿ ಇಟ್ಟುಕೊಂಡು, ಒಳಗೆ ಬಿಟ್ಟಿತು. ಹೆಬ್ಬೆರಳಿಗೆ ಹಸಿರು ಬಟ್ಟೆಯ ಪಟ್ಟಿ. ತಂತಿ ತಾಗಿ ಗಾಯವಾದಾಗ ನನ್ನ ಹಳೇ ದಿಂಬಿನ ಚೀಲ ಹರಿದು ನಾನೇ ಕಟ್ಟಿದ್ದು. ಮೊಟ್ಟೆ ಆರಿಸುವ ಆ ಹೆಂಗಸನ್ನು ಎಲ್ಲರೂ ಬೆಕ್ಕಿನಹೆಜ್ಜೆ ಅನ್ನುತ್ತಾರೆ. ಕೋಳಿಗಳು ಬೆಚ್ಚಬಾರದೆಂದು ಅಷ್ಟು ಸದ್ದಿಲ್ಲದೆ ನಡೆಯುತ್ತಾಳೆ.

"ಇನ್ನೊಂದು ಕೈಯಲ್ಲಿ ಫೋನು ಹಿಡಿದಿದ್ದವಳೂ ಅವಳೇ," ಅಂದ ತಮ್ಮ. "ಬೆಳಿಗ್ಗೆಯೇ ಕೆಲಸದಿಂದ ತೆಗೆದೆ. ಆದರೆ ಆ ಕೈ ಚೆನ್ನಾಗಿ ಬಂದಿದೆ ಕಣಕ್ಕಾ. ಉತ್ತರದಲ್ಲಿ ಹಾಕು."

"ಕೈ ಬೇಕು, ಕೈಯವಳು ಬೇಡ?"

"ಉತ್ತರಕ್ಕೆ ಕೈ ಸಾಕು."

ಅವಳ ಮನೆಯಲ್ಲಿ ದುಡಿಯುವವಳು ಅವಳೊಬ್ಬಳೇ. ನಾನು ಕನ್ನಡಕ ಹಾಕಿಕೊಂಡು ಬರೆದೆ: 'ಈ ಕೈಯೇ ನಮ್ಮ ಸಂಸ್ಥೆಯ ಧೋರಣೆ. ಯಾವ ದಿನ ಬೇಕಾದರೂ, ಬೆಳಿಗ್ಗೆ ಹತ್ತಕ್ಕೆ, ಯಾರು ಬೇಕಾದರೂ ಬಂದು ಈ ಕೈಯ ಕೆಲಸ ನೋಡಬಹುದು.' ತಮ್ಮ ಎರಡು ಸಲ ಗಟ್ಟಿಯಾಗಿ ಓದಿ, ತನ್ನ ಒಳ್ಳೆಯತನಕ್ಕೆ ತಾನೇ ಕಣ್ಣೊರೆಸಿಕೊಂಡು ಸಹಿ ಹಾಕಿದ.

ಬುಧವಾರ ಅದು ಪತ್ರಿಕೆಯಲ್ಲಿ ಬಂತು. ಗುರುವಾರ ಎಂಟೂವರೆಗೆ ಅವನ ಫೋನು.

"ಪತ್ರಿಕೆಯವರು ಹತ್ತಕ್ಕೆ ಬರ್ತಾರಂತೆ, ಕೈ ನೋಡೋಕೆ. ಮ್ಯಾನೇಜರ್ ಬೆರಳಿಗೇ ಪಟ್ಟಿ ಕಟ್ಟಿ ನೋಡಿದೆ. ಅವನ ಕೈ ತುಂಬ ಕರಡಿ ಕೂದಲು. ಕೋಳಿಗಳು ಬೇರೆ, ಷೆಡ್ಡಿನ ಸೂರು ಹಾರಿಹೋಗೋ ಹಾಗೆ ಕಿರುಚ್ತಿವೆ."

"ಅವಳ ಮನೆಗೆ ಹೋಗು. ಕಾರು ದೂರ ನಿಲ್ಲಿಸಿ ನಡೆದು ಹೋಗು."

ಹೋದ. ಬಾಗಿಲಲ್ಲೇ ಅವಳು ಅವನಿಗೆ ಮೊದಲು ನೀರು ಕೊಟ್ಟಳಂತೆ. ಆಮೇಲೆ ಅಂದಳಂತೆ: "ಬರ್ತೀನಿ ಸಾರ್. ಆದರೆ ಖಾಲಿ ಷೆಡ್ಡು ಇದೆಯಲ್ಲ, ಒಂದೊಂದು ಪಂಜರದಿಂದ ಎರಡೆರಡು ಕೋಳಿ ತೆಗೆದು ಅಲ್ಲಿಗೆ ಬಿಡಿ."

ಸಂಜೆ ತಮ್ಮ ಗೆದ್ದವನ ಹಾಗೆ ಬಂದು ಕೂತ. "ಮೊದಲನೇ ಸಾಲಿಂದ ಮಾತ್ರ ತೆಗೆದು ಬಿಟ್ಟೆ. ಅವರು ಅಷ್ಟು ದೂರವೇ ಬಂದಿದ್ದು. ಗಲಾಟೆ ತಣ್ಣಗಾಗಲಿ, ಅವಳನ್ನ ಮತ್ತೆ ಮನೆಗೆ ಕಳಿಸ್ತೀನಿ."

ನಾನು ಪತ್ರಿಕೆ ಅವನ ಮುಂದಿಟ್ಟು 'ಯಾವ ದಿನ ಬೇಕಾದರೂ' ಅನ್ನುವುದರ ಮೇಲೆ ಬೆರಳಿಟ್ಟೆ. ಅವನು ಓದಿದ. ಮತ್ತೆ ಓದಿದ.

"ಇದನ್ನ ಬರೆದವಳು ನೀನು."

"ಸಹಿ ನಿಂದು."

ಮುಂದಿನ ವಾರ ನೋಡಲು ಹೋದೆ. ಎರಡನೇ ಸಾಲೂ ಮುಗಿದು, ಪಂಜರಕ್ಕೆ ಮೂರೇ ಕೋಳಿ ಉಳಿದಿದ್ದವು. ಪಂಜರದಲ್ಲಿ ಒಂದು ಕೋಳಿ ಒಂದೇ ರೆಕ್ಕೆ ಬಿಚ್ಚಿ, ಮುಂದೇನು ಮಾಡಬೇಕೆಂದು ತಿಳಿಯದೆ ನಿಂತಿತ್ತು. ಬೆಕ್ಕಿನಹೆಜ್ಜೆಯ ಹೆಬ್ಬೆರಳಲ್ಲಿ ಹೊಸ ಹಸಿರು ಪಟ್ಟಿ.

"ಇನ್ನೂ ಮಾಯಲಿಲ್ಲವೇನೇ ಗಾಯ?"

"ಯಾವಾಗಲೋ ಮಾಯಿತು ಅಕ್ಕಾ. ಇದು ದಿನಾ ಹತ್ತು ಗಂಟೆಗೆ ಕಟ್ಟಿಕೊಳ್ಳೋದು, ಸಾಹೇಬರ ಅಪ್ಪಣೆ," ಎಂದು ಅವಳು ಮೂರನೇ ಸಾಲಿನ ಕಡೆ ಸದ್ದಿಲ್ಲದೆ ನಡೆದಳು.