ಖಾಲಿ ಬಕೆಟ್ಟಿನ ಡೋಲು

ಎರಡನೇ ತರಗತಿಯ ಟೀಚರಿಗೆ ಶಾಲೆಯಲ್ಲಿ ಬಕೆಟ್ ಮಿಸ್ ಎಂದೇ ಹೆಸರು ಬಿದ್ದಿತ್ತು. ಬೀಳದೆ ಇನ್ನೇನು? ಹೊಸದಾಗಿ ಬಂದ ವಾರವೇ, ಮಕ್ಕಳು ಮಧ್ಯಾಹ್ನದ ಊಟ ಅರ್ಧಂಬರ್ಧ ಬಿಟ್ಟು ಆಟಕ್ಕೆ ಓಡುವುದನ್ನು ಕಂಡು ಅವರಿಗೆ ಹೊಟ್ಟೆ ಉರಿದುಹೋಯಿತು. ಒಂದು ನೀಲಿ ಬಕೆಟ್ ತಂದು ಊಟದ ಕೋಣೆಯ ಬಾಗಿಲಲ್ಲೇ ಇಟ್ಟರು. ಬಿಟ್ಟಿದ್ದೆಲ್ಲ ಅದಕ್ಕೇ ಬೀಳಬೇಕು, ಎಲ್ಲರ ಕಣ್ಣೆದುರೇ ಬೀಳಬೇಕು. ಬಡಿಸುವವಳಿಗೆ ಮುಷ್ಟಿ ತೋರಿಸಿದರೆ ಅರ್ಧ, ಅಂಗೈ ತೋರಿಸಿದರೆ ಪೂರ್ತಿ. ಬಕೆಟ್ ಖಾಲಿ ಉಳಿದ ದಿನ ಅದನ್ನು ಬೋರಲು ಹಾಕಿ, ಚಮಚದಲ್ಲಿ ಡೋಲು ಬಾರಿಸುತ್ತ ಇಡೀ ಶಾಲೆ ಸುತ್ತಬಹುದೆಂದು ಮಾತು ಕೊಟ್ಟರು. ಗಲಾಟೆ ಮಾಡಲು ಟೀಚರೇ ಅಪ್ಪಣೆ ಕೊಟ್ಟರೆ ಆ ವಯಸ್ಸಿನ ಮಕ್ಕಳು ಬಿಟ್ಟಾರೆಯೇ! ಬೀನ್ಸ್ ಕಂಡರೆ ಮೂಗು ಮುರಿಯುತ್ತಿದ್ದವರೂ ಕಣ್ಣು ಮುಚ್ಚಿಕೊಂಡು ನುಂಗತೊಡಗಿದರು.

ಒಬ್ಬಳನ್ನು ಬಿಟ್ಟು. ಅವಳನ್ನು ತರಗತಿಯವರೆಲ್ಲ ಅಕ್ಕಮ್ಮ ಅನ್ನುತ್ತಿದ್ದರು. ಯಾರದೋ ಮೂಗು ಒರೆಸುವುದು, ಯಾರದೋ ಗುಂಡಿ ಹಾಕುವುದು, ಬಿದ್ದವರ ಮಂಡಿ ಊದುವುದು, ಎಲ್ಲ ಅವಳದೇ ಉಸಾಬರಿ. ಇಷ್ಟು ಜಾಣೆ, ಊಟಕ್ಕೆ ಮಾತ್ರ ದಿನವೂ ಅಂಗೈ ತೋರಿಸಿ ಪೂರ್ತಿ ಹಾಕಿಸಿಕೊಳ್ಳುವಳು, ಅರ್ಧ ತಿಂದು ಅರ್ಧ ಬಿಡುವಳು. ಅದೂ ಕಾಟಾಚಾರಕ್ಕೆ ಬಿಟ್ಟದ್ದಲ್ಲ. ಅನ್ನದ ನಡುವೆ ಚಮಚದಲ್ಲಿ ಗೆರೆ ಎಳೆದು, ಬೇಯಿಸಿದ ಮೊಟ್ಟೆಯ ಹಳದಿಯನ್ನು ಒಡೆಯದಂತೆ ಬಿಡಿಸಿ ಆಚೆ ಬದಿಗೆ ಇಡುವಳು. ಬೆಂಚಿನ ಮೇಲೆ ಪಕ್ಕದ ಜಾಗವನ್ನೂ ಯಾರಿಗೂ ಬಿಟ್ಟುಕೊಡಳು. ತಿನ್ನುತ್ತ ತಿನ್ನುತ್ತ ಕಿಟಕಿಯಾಚೆ ಗೇಟಿನ ಕಡೆಗೇ ನೋಡುವಳು. ಗಂಟೆ ಹೊಡೆದಾಗ ಎದ್ದು, ಉಳಿದದ್ದನ್ನು ಬಕೆಟ್ಟಿಗೆ ಸುರಿದು ಸುಮ್ಮನೆ ಹೋಗುವಳು.

ಅವತ್ತು ಬಕೆಟ್ ತಳ ಹೊಳೆಯುತ್ತಿತ್ತು. ಎಲ್ಲರೂ ಚಮಚ ಹಿಡಿದು ತುದಿಗಾಲಲ್ಲಿ ನಿಂತಿದ್ದರು. ಉಳಿದದ್ದು ಅಕ್ಕಮ್ಮನ ತಟ್ಟೆ ಒಂದೇ. ಟೀಚರ್ ಹೋಗಿ ಅವಳೆದುರು ಕುಕ್ಕರುಗಾಲಲ್ಲಿ ಕೂತು, ಇದನ್ನೆಲ್ಲ ಯಾರಿಗೆ ಎತ್ತಿಟ್ಟಿದ್ದೀಯ ಎಂದು ಕೇಳಿದರು.

"ನನ್ನ ತಮ್ಮಂಗೆ ಮಿಸ್. ಹುಷಾರಾದ್ಮೇಲೆ ಸೀದಾ ಇಲ್ಲಿಗೇ ಊಟಕ್ಕೆ ಬರ್ತಾನೆ."

ಟೀಚರಿಗೆ ಒಳಗೊಳಗೇ ನಗು ಬಂತು. ಊಟ ತಪ್ಪಿಸಿಕೊಳ್ಳಲು ಮಕ್ಕಳು ಕಟ್ಟುವ ಕತೆ ಒಂದೇ ಎರಡೇ? ಹಿಂದಿನ ದಿನವಷ್ಟೇ ಒಬ್ಬ ತನ್ನ ಹೊಟ್ಟೆಯೊಳಗೆ ಬೀಗ ಬಿದ್ದಿದೆ ಅಂದಿದ್ದ. ಶಾಲೆಯಲ್ಲಿ ಇವಳಿಗೆ ತಮ್ಮನಿಲ್ಲವೆಂಬುದು ಅವರಿಗೆ ಗೊತ್ತಿತ್ತು. ಗದರಲಿಲ್ಲ ಅವರು. ಗದರಿದ್ದರೆ ಆ ಮಗು ನಂಬುತ್ತಿರಲಿಲ್ಲವೇನೋ. ತಲೆ ಸವರಿ, ಮೆತ್ತಗೆ ಹೇಳಿದರು.

"ಅವನು ಬರಲ್ಲ ಪುಟ್ಟಾ. ಬರದೇ ಇರೋರಿಗೆ ಅಂತ ಎತ್ತಿಟ್ರೆ ಅನ್ನ ಹಾಳಾಗುತ್ತೆ ಅಷ್ಟೆ. ತಿಂದ್ಬಿಡು."

ಅಕ್ಕಮ್ಮ ಅವರ ಮುಖವನ್ನೇ ನೋಡಿದಳು. "ನಿಮಗೆ ಯಾರು ಹೇಳಿದ್ರು ಮಿಸ್?"

"ಮಿಸ್‌ಗೆ ಎಲ್ಲಾ ಗೊತ್ತಿರುತ್ತೆ."

ಹುಡುಗಿ ತಿನ್ನಲಿಲ್ಲ. ತಟ್ಟೆ ಎತ್ತಿಕೊಂಡು ಹೋಗಿ ಬಕೆಟ್ಟಿಗೆ ಸುರಿದಳು. ಮಿಕ್ಕವರು ಛೇ ಎಂದು ಚಮಚಗಳನ್ನು ಕೆಳಗಿಟ್ಟರು.

ಮರುದಿನ ಬೆಳಿಗ್ಗೆ ಅವಳ ಅಜ್ಜಿ ತರಗತಿಯ ಬಾಗಿಲಿಗೆ ಬಂದರು. ಮೊಮ್ಮಗಳನ್ನು ಒಳಗೆ ಕಳಿಸಿ, ಟೀಚರನ್ನು ಗೋಡೆ ಪಕ್ಕಕ್ಕೆ ಕರೆದು ಮೆಲುದನಿಯಲ್ಲಿ ಹೇಳಿದರು. ಮೊಮ್ಮಗನಿಗೆ ಇನ್ನೂ ಶಾಲೆಯ ವಯಸ್ಸಾಗಿರಲಿಲ್ಲ. ಜ್ವರವೆಂದು ಅಪ್ಪ ಅಮ್ಮ ದೂರದ ದೊಡ್ಡ ಆಸ್ಪತ್ರೆಗೆ ಎತ್ತಿಕೊಂಡು ಹೋದರು, ಬರಿಗೈಯಲ್ಲಿ ವಾಪಸಾದರು. ಅಕ್ಕ ತಮ್ಮ ಒಂದೇ ತಟ್ಟೆಯಲ್ಲಿ ಗೆರೆ ಎಳೆದುಕೊಂಡು ಉಂಡವರು. ಇವಳಿಗೆ ಹೇಳಲು ಮನೆಯಲ್ಲಿ ಒಬ್ಬರ ನಾಲಿಗೆಯೂ ಹೊರಳಲಿಲ್ಲ. ತಮ್ಮ ಬರುವವರೆಗೆ ಶಾಲೆಗೇ ಹೋಗೆನೆಂದು ಪಟ್ಟು ಹಿಡಿದಾಗ, ಹುಷಾರಾದರೆ ಸೀದಾ ಶಾಲೆಗೇ ಬರ್ತಾನೆ ಎಂದು ಅಜ್ಜಿಯೇ ಬಾಯಿಗೆ ಬಂದದ್ದು ಹೇಳಿ ಸಾಗಹಾಕಿದ್ದರು.

"ತಮ್ಮ ಬರಲ್ವಂತೆ, ಮಿಸ್‌ಗೆ ಗೊತ್ತಂತೆ ಅಂದ್ಲು ನಿನ್ನೆ. ಎಲ್ರೂ ಸುಮ್ನೆ ನಿಂತ್ಬಿಟ್ವಿ. ಅವಳಿಗೆ ಅರ್ಥ ಆಗೋಯ್ತು. ನಿಮಗೆ ಹೇಗೆ ಗೊತ್ತಾಯ್ತಮ್ಮಾ?"

"ಗೊತ್ತಿರ್ಲಿಲ್ಲ ಅಜ್ಜೀ," ಅಂದರು ಟೀಚರ್. ಅಜ್ಜಿ ಬೈದಿದ್ದರೆ ಎಷ್ಟೋ ವಾಸಿಯಿತ್ತು. ರಾತ್ರಿಯಿಂದ ಏನೂ ತಿಂದಿಲ್ಲ, ಮಧ್ಯಾಹ್ನ ಸ್ವಲ್ಪ ನೋಡಿಕೊಳ್ಳಿ ಎಂದಷ್ಟೇ ಹೇಳಿ, ಸೆರಗಿನಲ್ಲಿ ಮುಖ ಒರೆಸಿಕೊಂಡು ಹೊರಟರು.

ಊಟದ ಹೊತ್ತಿಗೆ ಟೀಚರ್ ಮೊದಲೇ ಹೋಗಿ ಸಾಲಿನ ಪಕ್ಕ ನಿಂತರು. ಇವತ್ತು ಅವಳು ಎಷ್ಟು ಬಿಟ್ಟರೂ ಬಿಡಲಿ, ಬೇಕಾದರೆ ಆ ಹಾಳು ಬಕೆಟ್ಟನ್ನೇ ಆಚೆಗೆ ಎಸೆಯುತ್ತೇನೆ ಎಂದುಕೊಂಡರು. ಅಕ್ಕಮ್ಮನ ಸರದಿ ಬಂತು. ಅವಳು ಮುಷ್ಟಿ ತೋರಿಸಿದಳು.

"ಪೂರ್ತಿ ಹಾಕಿಸ್ಕೊ ಕಂದಾ. ಬಿಟ್ರೂ ಪರವಾಗಿಲ್ಲ."

"ಹಾಳಾಗುತ್ತೆ ಮಿಸ್."

ಅರ್ಧ ಅನ್ನ, ಅರ್ಧ ಮೊಟ್ಟೆ. ಬೆಂಚಿನ ನಡುವಿಗೆ ಸರಿದು, ಖಾಲಿ ಜಾಗವನ್ನು ತುಂಬಿಕೊಂಡು ಕೂತಳು. ಗೆರೆ ಎಳೆಯಲಿಲ್ಲ. ಹಳದಿಯನ್ನು ಕೊನೆಗೆ ಬಾಯಿಗಿಟ್ಟುಕೊಂಡಳು. ನೀರು ಕುಡಿದು ನುಂಗಿದಳು. ಟೀಚರ್ ಗೋಡೆ ಕಡೆ ತಿರುಗಿ ಅತ್ತರು. ಅಕ್ಕಮ್ಮ ಬಂದು ತಟ್ಟೆ ತೋರಿಸಿದಳು, ಒಂದು ಅಗುಳೂ ಇರಲಿಲ್ಲ.

ಮಕ್ಕಳು ಹೋ ಎಂದು ಬಕೆಟ್ ಬೋರಲು ಹಾಕಿದರು. ಇವತ್ತು ಬೇಡ ಎನ್ನಬೇಕೆಂದು ಟೀಚರ್ ಬಾಯಿ ತೆರೆದರು. ಆದರೆ ಮಾತು ಕೊಟ್ಟವರೂ ಅವರೇ. ಗೆಲ್ಲಿಸಿದವಳು ನೀನೇ ಎಂದು ಯಾರೋ ಅಕ್ಕಮ್ಮನ ಕೈಗೆ ಚಮಚ ತುರುಕಿದರು. ಮೆರವಣಿಗೆ ಅಂಗಳಕ್ಕಿಳಿಯಿತು. ಎಲ್ಲರ ಜೊತೆ ಅವಳೂ ಹೆಜ್ಜೆಗೊಂದರಂತೆ ಬಾರಿಸುತ್ತ ನಡೆದಳು. ಗೇಟಿನ ಮುಂದೆಯೇ ಹಾದುಹೋದಳು, ಆ ಕಡೆ ತಿರುಗಿಯೂ ನೋಡಲಿಲ್ಲ.